ನೆರಳಿನ ಬದಿಗೆ ಬೇಕಾದ ಡೆವಲಪರ್

ಲೈಟ್ ಮೀಟರನ್ನು ಕಾಕು ಅವರ ಬಲಗೆನ್ನೆಯ ಹತ್ತಿರ ಹಿಡಿದಾಗ ಮುಳ್ಳು ಚೆನ್ನಾಗಿಯೇ ಎದ್ದಿತು. ಎಡಗೆನ್ನೆಯ ಹತ್ತಿರ ತಂದಾಗ ಬಿದ್ದುಹೋಯಿತು. ಎರಡರ ನಡುವೆ ಮೂರು ಸ್ಟಾಪಿನ ಅಂತರ. ಅಂದರೆ ಬಲಗಡೆ ಇದ್ದ ಬೆಳಕಿನ ಎಂಟನೇ ಒಂದು ಪಾಲು ಮಾತ್ರ ಎಡಗಡೆ ಇತ್ತು. ಕಿಟಕಿಯ ಪರದೆಯನ್ನು ಇನ್ನೊಂದು ಗೇಣು ಸರಿಸಲೇ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಎಡಗಣ್ಣಿನಿಂದ ನೀರು ಇಳಿಯತೊಡಗಿದ್ದು ಕಂಡು ಸುಮ್ಮನಾದೆ.

ಪುಣೆಯ ಖಡಕಿಯ ಆ ಮನೆಗೆ ನಾನು ಹೋದದ್ದು ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ. ಕರೆದವರು ಆ ಮನೆಯ ಸೊಸೆ. ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ ನಾನು ಗೋಡೆಗೆ ಹಾಕಿದ್ದ ಕಪ್ಪು ಬಿಳುಪು ಚಿತ್ರಗಳನ್ನು ನೋಡಿ, ಇವನ್ನು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ, ಫಿಲ್ಮಿನಲ್ಲಿ ತೆಗೆದು ಮನೆಯಲ್ಲೇ ತೊಳೆದದ್ದು ಎಂದು ನನ್ನನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಆಮೇಲೆ ತಮ್ಮ ಅತ್ತೆಯ ವಿಷಯ ಹೇಳಿದರು. ಅವರನ್ನು ಎಲ್ಲರೂ ಕರೆಯುವುದು ಕಾಕು ಎಂದು, ನಾನೂ ಹಾಗೇ ಕರೆದೆ.

ಕಾಕುಗೆ ಅರವತ್ತನಾಲ್ಕು ವರ್ಷ. ಬೆಳಗಾವಿ ಕಡೆಯವರು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಮಗ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಪಂಪ್ ಸ್ಟೋ ಸಿಡಿದು ಕಿವಿಯಿಂದ ಗದ್ದದವರೆಗೆ ಮುಖದ ಎಡಭಾಗ ಸುಟ್ಟಿತ್ತು. ಗಾಯ ಮಾಯುವಾಗ ರೆಪ್ಪೆ ಮುದುಡಿತು. ಅಂದಿನಿಂದ ಆ ಕಣ್ಣು ಪೂರ್ತಿ ಮುಚ್ಚಿಲ್ಲ, ನಿದ್ದೆಯಲ್ಲೂ. ಈಗ ಕಣ್ಣಿನ ಮೇಲ್ಪದರ ಒಣಗಿ ಹುಣ್ಣಾಗತೊಡಗಿದ್ದರಿಂದ ಡಾಕ್ಟರು ಶುಕ್ರವಾರ ರೆಪ್ಪೆಗಳನ್ನು ಅರ್ಧ ಹೊಲಿದು ಮುಚ್ಚುವವರಿದ್ದರು. ಅದಕ್ಕೆ ಮೊದಲು ಕಾಕುಗೆ ಒಂದು ಫೋಟೋ ಬೇಕಿತ್ತು.

"ಆ ಗ್ವಾಡಿ ಮ್ಯಾಲಿಂದು ನೋಡು ಮಗಳ," ಎಂದು ಅವರು ತಮ್ಮ ಮದುವೆಯ ಫೋಟೋ ತೋರಿಸಿದರು. "ಹತ್ತೊಂಬತ್ತ ವರ್ಷದಾಕಿ. ನಾ ಹ್ವಾದ ಮ್ಯಾಲೆ ಅದನ್ನಽ ದೊಡ್ಡದು ಮಾಡಿಸಿ ಹಾರ ಹಾಕ್ತಾರ. ನಲವತ್ತ ವರ್ಷ ಈ ಮುಖ ಹೊತಗೊಂಡ ತಿರಿಗೇನಿ. ಇದಕ್ಕೊಂದ ಫೋಟೋ ಬ್ಯಾಡೇನು? ಆಧಾರ್ ಕಾರ್ಡಿನ್ಯಾಗ ಅದ ಖರೆ. ಅದರಾಗ ನಾ ಅದೀನೋ ಗೋಣಿಚೀಲ ಅದನೋ ತಿಳ್ಯಂಗಿಲ್ಲ."

ಫೋನಿನಲ್ಲಿ ಬೇಡ ಎಂಬುದು ಅವರ ಮೊದಲ ಷರತ್ತು. ಅದಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಒಂದು ಮದುವೆಯಲ್ಲಿ ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡ ಚಿತ್ರವನ್ನು ಯಾರೋ ಸಂಬಂಧಿಕರ ಗ್ರೂಪಿಗೆ ಹಾಕಿದ್ದರು. ಮರುದಿನ ಅದೇ ಚಿತ್ರ ಮತ್ತೆ ಬಂತು, ಒಂದು ಅಂಚು ಕತ್ತರಿಸಿಕೊಂಡು. ಸಾಲಿನ ತುದಿಯಲ್ಲಿ ಕಾಕು ಅವರ ಕೈ, ಬಳೆ ಮಾತ್ರ ಉಳಿದಿದ್ದವು. ಎರಡನೇ ಷರತ್ತು ಅವರು ಕುರ್ಚಿಯಲ್ಲಿ ಕೂತ ಮೇಲೆ ಹೇಳಿದ್ದು: "ಒಂದಽ ಕಡೆ ತಗೀಬ್ಯಾಡ. ಎರಡೂ ಕಡೆ ಬರಬೇಕು."

ಮಗ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಅವರಿಗೆ ಇದು ಸರಿಬಂದಿರಲಿಲ್ಲ. "ಅವ್ವಗ ಸುಮ್ಮ ತ್ರಾಸ್ರಿ. ಆಪರೇಶನ್ ಆಗಲಿ, ಆಮ್ಯಾಲೆ ನೋಡೋಣಂತ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟರು.

ಸುಟ್ಟ ಕಣ್ಣಿಗೆ ಬೆಳಕು ಚುಚ್ಚುತ್ತಿದ್ದುದರಿಂದ ಆ ಬದಿಯನ್ನು ಕಿಟಕಿಯಿಂದ ಆಚೆಗೆ ತಿರುಗಿಸಿಯೇ ಅವರನ್ನು ಕೂರಿಸಬೇಕಾಯಿತು. ಫ್ಲ್ಯಾಶಿನ ಮಾತೇ ಇಲ್ಲ. ನನ್ನ ಫಿಲ್ಮಿನ ವೇಗ, ಅಂದರೆ ಅದು ಬೆಳಕು ಹಿಡಿಯುವ ಶಕ್ತಿ, ನಾನೂರು. ಆ ಬೆಳಕಿಗೆ ಅದು ಸಾಲದು. ಮೀಟರಿನಲ್ಲಿ ಸಾವಿರದ ಆರುನೂರು ಎಂದು ಇಟ್ಟುಕೊಂಡು, ಲೆನ್ಸನ್ನು ಪೂರ್ತಿ ತೆರೆದು, ಸೆಕೆಂಡಿನ ಮೂವತ್ತನೇ ಒಂದು ಭಾಗದ ವೇಗದಲ್ಲಿ, ಉಸಿರು ಬಿಗಿಹಿಡಿದು ತೆಗೆಯುತ್ತ ಹೋದೆ. ಇಪ್ಪತ್ತು ನಿಮಿಷದಲ್ಲಿ ಮೂವತ್ತಾರು ಫ್ರೇಮು ಮುಗಿದವು. ಎರಡನೇ ರೋಲನ್ನು ಚೀಲದಿಂದ ತೆಗೆಯುವ ಹೊತ್ತಿಗೆ ಕಾಕು ಸೆರಗಿನಿಂದ ಕಣ್ಣೊತ್ತಿಕೊಂಡು, "ಸಾಕವಾ. ಇನ್ನ ಆಗಂಗಿಲ್ಲ," ಎಂದರು. ಕಣ್ಣು ಕೆಂಡದಂತಾಗಿತ್ತು. ಸಂಜೆ ಸೊಸೆ ಫೋನ್ ಮಾಡಿ, ಕಣ್ಣಿಗೆ ಪಟ್ಟಿ ಕಟ್ಟಿ, ಶುಕ್ರವಾರದವರೆಗೆ ಅದನ್ನು ತೆಗೆಯಲೇಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದರು.

ಹಾಗಾಗಿ ಇದ್ದದ್ದು ಅದೊಂದೇ ರೋಲು.

ಸೋಮವಾರ ಬೆಳಿಗ್ಗೆ ಆ ರೋಲನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ನಾನೂರರ ಫಿಲ್ಮನ್ನು ಸಾವಿರದ ಆರುನೂರು ಎಂದು ತಿಳಿದು ತೆಗೆದರೆ ಪ್ರತಿ ಫ್ರೇಮಿಗೂ ಬೇಕಾದ ಬೆಳಕಿನ ಕಾಲು ಭಾಗವಷ್ಟೇ ಸಿಕ್ಕಿರುತ್ತದೆ. ಆ ಕೊರತೆಯನ್ನು ಡೆವಲಪರಿನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರವದಲ್ಲಿ, ಹೆಚ್ಚು ಹೊತ್ತು ಇಟ್ಟು ತುಂಬಿಕೊಳ್ಳಬೇಕು. ಇದನ್ನೇ ಪುಶ್ ಮಾಡುವುದು ಎನ್ನುತ್ತೇವೆ. ಹೆಚ್ಚು ಹೊತ್ತು ಇಟ್ಟಷ್ಟೂ ಬೆಳಕು ಚೆನ್ನಾಗಿ ಬಿದ್ದ ಜಾಗ ನೆಗೆಟಿವಿನಲ್ಲಿ ದಟ್ಟವಾಗುತ್ತ ಹೋಗುತ್ತದೆ. ನೆರಳಿನ ಜಾಗ ಮಾತ್ರ ಹಿಂದೆಯೇ ಉಳಿಯುತ್ತದೆ. ಪ್ರಿಂಟು ಹಾಕಿದಾಗ ಮುಖದ ಅರ್ಧ ಸುಣ್ಣ, ಅರ್ಧ ಮಸಿ. ಬೇರೆ ಯಾರದೇ ಮುಖವಾಗಿದ್ದರೂ ನಾನು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ಮಸಿಯಾಗುವ ಅರ್ಧ ಯಾವುದೆಂದು ನನಗೆ ಗೊತ್ತಿತ್ತು.

ಕಪಾಟಿನಲ್ಲಿ ಎರಡು ಡೆವಲಪರ್ ಇದ್ದವು. ಒಂದು ಮೆಟಾಲ್ ಎಂಬ ರಾಸಾಯನಿಕ ಬೆರೆಸಿದ ಹಳೆಯ ಪುಡಿ. ಇಪ್ಪತ್ತು ವರ್ಷದಿಂದ ಕೈಗೆ ಹತ್ತಿದ್ದು. ಎಂದೂ ಮೋಸ ಮಾಡಿಲ್ಲ. ಆದರೆ ನೆರಳಿನಿಂದ ಹೊಸದಾಗಿ ಏನನ್ನೂ ಹೊರತೆಗೆಯುವ ಶಕ್ತಿ ಅದಕ್ಕಿಲ್ಲ. ಇನ್ನೊಂದು ವಿಟಮಿನ್ ಸಿ ಆಧಾರದ್ದು. ಚಿತ್ರದ ಮೇಲೆ ಕಾಣುವ ಚುಕ್ಕೆ, ಅಂದರೆ ಕಾಳು ಸಣ್ಣ, ನೆರಳಿನ ವಿವರ ಮೆಟಾಲಿಗಿಂತ ಒಂದು ಮೆಟ್ಟಿಲು ಮೇಲು. ದೀಪಾವಳಿಯ ಸುಮಾರಿಗೆ ಕಲಸಿಟ್ಟದ್ದು ಅರ್ಧ ಬಾಟಲಿ ಉಳಿದಿತ್ತು. ಬೆಳಕಿಗೆ ಹಿಡಿದು ನೋಡಿದೆ. ನೀರಿನಷ್ಟು ತಿಳಿ.

ಇಡೀ ರೋಲನ್ನು ಒಮ್ಮೆಲೇ ಒಡ್ಡುವ ಧೈರ್ಯವಿರಲಿಲ್ಲ. ಮೊದಲ ಎಂಟು ಫ್ರೇಮುಗಳನ್ನು ಕತ್ತರಿಸಿ ಪರೀಕ್ಷೆ ಮಾಡೋಣವೆಂದು ನಿರ್ಧರಿಸಿದೆ. ಅವುಗಳಲ್ಲಿ ಕಾಕು ಇನ್ನೂ ಬಿಗುವಾಗಿ ಕೂತಿದ್ದರು, ಹೋದರೂ ಚಿಂತೆಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಿಟಕಿಗೆ ರಟ್ಟು ಬಡಿದ ಬಚ್ಚಲಿನ ಕತ್ತಲೆಯಲ್ಲಿ ಫಿಲ್ಮನ್ನು ಒಂದೂವರೆ ಗೇಣು ಎಳೆದು ಕತ್ತರಿ ಹಾಕಿದೆ. ಮಿಕ್ಕದ್ದು ಡಬ್ಬಿಯೊಳಗೆ ಸುತ್ತಿಕೊಂಡಿತು. ತುಂಡನ್ನು ಬೆಳಕು ನುಸುಳದ ಟ್ಯಾಂಕಿಗೆ ಸೇರಿಸಿ ಮುಚ್ಚಳ ಬಿಗಿದು ದೀಪ ಹಾಕಿದೆ.

ಏಪ್ರಿಲಿನಲ್ಲಿ ಪುಣೆಯ ನಲ್ಲಿಯ ನೀರು ಇಪ್ಪತ್ತೊಂಬತ್ತು ಡಿಗ್ರಿ. ಬೇಕಾದ್ದು ಇಪ್ಪತ್ತು. ಬಕೆಟ್ಟಿಗೆ ಮಂಜುಗಡ್ಡೆ ಹಾಕಿ, ಥರ್ಮಾಮೀಟರ್ ಇಟ್ಟುಕೊಂಡು, ಪ್ರತಿ ನಿಮಿಷ ಟ್ಯಾಂಕನ್ನು ತಲೆಕೆಳಗು ಮಾಡುತ್ತ ಹದಿಮೂರು ನಿಮಿಷ ಮುಗಿಸಿದೆ. ನೀರು, ಚಿತ್ರ ಅಳಿಸದಂತೆ ನಿಲ್ಲಿಸುವ ಹೈಪೋ, ಮತ್ತೆ ನೀರು. ಮುಚ್ಚಳ ತೆರೆದೆ.

ತುಂಡಿನ ಮೇಲೆ ಏನೂ ಇರಲಿಲ್ಲ.

ಗಾಜಿನಂತೆ ಪಾರದರ್ಶಕ. ನಾನು ಬಚ್ಚಲಿನ ಕಲ್ಲಿನ ಮೇಲೆ ಕೂತೇಬಿಟ್ಟೆ. ಮೊದಲು ಹೊಳೆದದ್ದು ಕ್ಯಾಮೆರಾ. ಶಟರ್ ತೆರೆದೇ ಇಲ್ಲವೇ? ಮೂವತ್ತಾರು ಸಲ ಬರಿಯ ಸದ್ದಿಗೆ ಕಾಕು ಅವರ ಕಣ್ಣನ್ನು ಅಷ್ಟು ಹೊತ್ತು ಉರಿಸಿದೆನೇ? ತುಂಡನ್ನು ಮತ್ತೆ ಬಲ್ಬಿನ ಹತ್ತಿರ ಹಿಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಫಿಲ್ಮಿನ ಅಂಚಿನಲ್ಲಿ ಕಂಪನಿಯವರೇ ಹಾಕಿ ಕಳಿಸುವ ಫ್ರೇಮಿನ ಅಂಕಿಗಳೂ ಇರಲಿಲ್ಲ. ಕ್ಯಾಮೆರಾಕ್ಕೆ ಹಾಕುವಾಗ ಬಿಸಿಲಿಗೇ ಬೀಳುವ ಮೊದಲ ತುದಿ ಕಪ್ಪಾಗಿರಬೇಕಿತ್ತು, ಅದೂ ಆಗಿರಲಿಲ್ಲ. ಕ್ಯಾಮೆರಾದ ತಪ್ಪಾಗಿದ್ದರೆ ಇವೆರಡೂ ಮೂಡಿರುತ್ತಿದ್ದವು. ಸತ್ತದ್ದು ಡೆವಲಪರ್.

ಮೆಟಾಲಿನದು ಕೆಟ್ಟರೆ ಚಹಾದ ಬಣ್ಣಕ್ಕೆ ತಿರುಗಿ ಮೊದಲೇ ಎಚ್ಚರಿಸುತ್ತದೆ. ವಿಟಮಿನ್ ಸಿ ಹಾಗಲ್ಲ. ತಿಳಿಯಾಗಿದ್ದುಕೊಂಡೇ ಒಂದು ದಿನ ಕೆಲಸ ನಿಲ್ಲಿಸುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಬೇಡದ ಫಿಲ್ಮಿನ ಒಂದು ಚೂರನ್ನು ಹಗಲಲ್ಲೇ ಬಾಟಲಿಯ ದ್ರವದಲ್ಲಿ ಅದ್ದಿ, ಕಪ್ಪಾಗುತ್ತದೋ ಇಲ್ಲವೋ ನೋಡಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಪ್ರತಿ ಸಲ ಮಾಡುವ ಆ ಪರೀಕ್ಷೆಯನ್ನು ಅವತ್ತು ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಈಗಲೂ ಹೇಳಲಾರೆ. ಕಲಸುವಾಗ ಟ್ಯಾಂಕರಿನ ನೀರು ಬಳಸಿದ್ದೆ. ಅದರಲ್ಲಿನ ಕಬ್ಬಿಣದ ಅಂಶವೇ ಅದನ್ನು ಕೊಂದಿರಬೇಕು. ಅದೂ ನನ್ನದೇ ಉದಾಸೀನ.

ಅವತ್ತು ಊಟ ಸೇರಲಿಲ್ಲ. ಹೇಳಬೇಕೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಸಂಜೆ ಖಡಕಿಗೆ ಫೋನ್ ಮಾಡಿದೆ. ಸೊಸೆ ಫೋನನ್ನು ಅತ್ತೆಯ ಕೈಗೆ ಕೊಟ್ಟರು.

"ಕಾಕು, ನನ್ನಿಂದ ತಪ್ಪಾಗೇದ್ರಿ. ಎಂಟು ಫೋಟೋ ಹಾಳಾದ್ವು."

"ಎಂಟು ಹ್ವಾದ್ರ ಇನ್ನ ಎಷ್ಟ ಉಳದಾವ?"

"ಇಪ್ಪತ್ತೆಂಟ್ರಿ. ಆದ್ರ ಅವೂ ಬರ್ತಾವಂತ ನಾ ಗ್ಯಾರಂಟಿ ಹೇಳಂಗಿಲ್ಲ."

"ನನಗ ಬೇಕಾಗಿದ್ದು ಒಂದಽ ಒಂದು ಮಗಳ. ನೀ ಉಂಡ್ಯೋ ಇಲ್ಲೋ?"

ಬೈದಿದ್ದರೆ ಹಗುರಾಗುತ್ತಿತ್ತು. ಆ ಮಾತು ನನ್ನನ್ನು ಇನ್ನಷ್ಟು ಕುಗ್ಗಿಸಿತು.

ಮಂಗಳವಾರ ಬೆಳಿಗ್ಗೆ ಸದಾಶಿವ ಪೇಠೆಗೆ ಹೋದೆ. ಅಲ್ಲಿ ನನಗೆ ಈ ಕೆಲಸ ಕಲಿಸಿದ ಹಿರಿಯರಿದ್ದಾರೆ. ಒಂದು ಮರಾಠಿ ಪತ್ರಿಕೆಯ ಡಾರ್ಕ್‌ರೂಮಿನಲ್ಲಿ ಮೂವತ್ತು ವರ್ಷ ಕಳೆದವರು. ಧಾರವಾಡದವರು. ನಾನು ಮಾಸ್ತರ್ ಎಂದೇ ಕರೆಯುವುದು. ನನ್ನ ಕಥೆ ಕೇಳಿ ಮೊದಲು ಐದು ನಿಮಿಷ ಸರಿಯಾಗಿ ಬೈದರು. ಸತ್ತ ಬಾಟಲಿಗಿಂತ ಹೆಚ್ಚಾಗಿ, ಪರೀಕ್ಷೆ ಬಿಟ್ಟುಬಿಟ್ಟದ್ದಕ್ಕೆ. ಆಮೇಲೆ ಆ ಮುಖ, ಕಿಟಕಿ, ಮೀಟರಿನ ಅಂಕಿ ಎಲ್ಲ ಕೇಳಿ ತಿಳಿದುಕೊಂಡರು.

"ಮೆಟಾಲಿನ್ಯಾಗ ಹಾಕಿ ಮುಗಿಸು," ಎಂದರು. "ಅದು ನಿನ್ನ ಕೈಯಾಗಿನ ಸಾಮಾನು. ಫಿಲ್ಮ್ ಅಂತೂ ಉಳೀತದ. ನೆರಳು ಕರ‍್ರಗಾಗ್ತದ, ಆಗಲಿ ಬಿಡು. ಅರ್ಧಾ ಮುಖ ಬೆಳಕಿನ್ಯಾಗ, ಅರ್ಧಾ ಕತ್ತಲ್ಯಾಗ. ಭಾಳ ಚಂದ ಕಾಣ್ತದ. ಆ ಹೆಣ್ಣಮಗಳಿಗೂ ಸಮಾಧಾನ."

ಅವರು ಹೇಳಿದ್ದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಸೋಮವಾರ ರಾತ್ರಿಯಿಂದ ಅದೇ ಕಡೆ ಜಾರುತ್ತಿತ್ತು. ಮಸಿಯಾದ ಅರ್ಧದ ಚಿತ್ರವನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ. ಗೋಡೆಗೆ ಹಾಕಿದರೆ ಮೆಚ್ಚುತ್ತಿದ್ದರು. ಕಾಕು ಕೂಡ, ಬೆಳಕು ಕಡಿಮೆ ಇತ್ತು ಎಂದರೆ ನಂಬುತ್ತಿದ್ದರು. ಅದೇ ನನಗೆ ಭಯವಾದದ್ದು. ಆ ಮದುವೆಯ ಚಿತ್ರದ ಅಂಚನ್ನು ಕತ್ತರಿಸಿದವರೂ ಚಂದ ಕಾಣಲಿ ಎಂದೇ ಕತ್ತರಿಸಿರಬೇಕು.

"ಮಾಸ್ತರ, ಆಕಿ ಎರಡೂ ಕಡೆ ಕೇಳ್ಯಾಳ್ರಿ," ಎಂದೆ.

ಅವರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸುತ್ತ ಕೂತರು. "ಹಂಗಂದ್ಲೇನು?"

"ಹೌದ್ರಿ. ಅಷ್ಟಽ ಕೇಳಿದ್ದು."

"ಹಂಗಾರ ಮೆಟಾಲ್ ನಡ್ಯಂಗಿಲ್ಲ." ಎದ್ದು ಒಳಗೆ ಹೋಗಿ, ಕಪಾಟಿನ ಮೇಲಿನ ಸ್ಟೀಲಿನ ಡಬ್ಬಿ ತಂದರು. ಒಳಗೆ ಒಂದು ಸಣ್ಣ ಕಂದು ಬಾಟಲಿಯಲ್ಲಿ ಫೆನಿಡೋನ್ ಎಂಬ ಪುಡಿ. ಪತ್ರಿಕೆಯ ಕಾಲದಲ್ಲಿ, ಸಂಜೆಯ ಸಭೆಗಳಲ್ಲಿ ಬೆಳಕಿಲ್ಲದೆ ತೆಗೆದ ಫಿಲ್ಮುಗಳಿಗೆ ಇದನ್ನು ಹಾಕಿ ಡೆವಲಪರನ್ನು ಅವರೇ ಕಲಸಿಕೊಳ್ಳುತ್ತಿದ್ದರು. ಮಸುಕು ನೆರಳಿನಿಂದಲೂ ಅಷ್ಟಿಷ್ಟು ವಿವರ ಎಬ್ಬಿಸುವುದು ಇದರ ಗುಣ. ಈ ಬಾಟಲಿಯನ್ನು ಅವರು ಹೋದ ವರ್ಷ ಮುಂಬಯಿಯಿಂದ ತರಿಸಿ, ತೆರೆಯದೆಯೇ ಇಟ್ಟಿದ್ದರು. ಒಂದು ಹಳೆಯ ಡೈರಿಯಿಂದ ಅಳತೆಗಳನ್ನು ಬರೆದುಕೊಟ್ಟರು. "ನಾ ಸಭಾದ ಫೋಟೋಕ್ಕ ಉಪಯೋಗಿಸಿದ್ದು. ಇಂಥ ಮುಖಕ್ಕ ಹ್ಯಾಂಗ ಬರ್ತದೋ ಗೊತ್ತಿಲ್ಲ. ಬಿಳೀ ಕಡೆ ಹಿಡತ ತಪ್ಪತದ, ಲಕ್ಷ್ಯ ಇಡು."

ಬುಧವಾರ ಬೆಳಿಗ್ಗೆ ಔಷಧಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರಿನ ಐದು ಲೀಟರ್ ಕ್ಯಾನು ತಂದೆ. ಟ್ಯಾಂಕರಿನ ನೀರಿನ ಹತ್ತಿರವೂ ಹೋಗಲಿಲ್ಲ. ಸಲ್ಫೈಟ್, ಹೈಡ್ರೋಕ್ವಿನೋನ್, ಬೋರಾಕ್ಸ್ ಇವುಗಳನ್ನು ಒಂದೊಂದಾಗಿ, ಮೊದಲಿನದು ಕರಗಿದ ಮೇಲೆ ಮುಂದಿನದು ಎಂಬಂತೆ ಹಾಕಬೇಕು. ಕಷ್ಟ ಕೊಟ್ಟದ್ದು ಫೆನಿಡೋನ್. ಇಡೀ ಲೀಟರಿಗೆ ಬೇಕಾದ್ದು ಕಾಲು ಗ್ರಾಮಿಗೂ ಕಡಿಮೆ. ಒಂದು ಚಿಟಿಕೆ ಹೆಚ್ಚಾದರೆ ಫಿಲ್ಮಿನ ಮೇಲೆಲ್ಲ ಮಂಜು ಕವಿಯುತ್ತದೆ. ಕೆಳಗಿನ ಮನೆಯ ಅಕ್ಕಸಾಲಿಗರ ತಕ್ಕಡಿಯನ್ನು ಕೇಳಿ ತಂದಿದ್ದೆ. ಫ್ಯಾನ್ ನಿಲ್ಲಿಸಿ, ಉಸಿರಾಡಿದರೆ ಎಲ್ಲಿ ಹಾರುತ್ತದೋ ಎಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ತೂಗಿದೆ. ತಣ್ಣೀರಲ್ಲಿ ಅದು ಕರಗುವುದೇ ಇಲ್ಲ. ಸ್ವಲ್ಪ ಬಿಸಿನೀರಿನಲ್ಲಿ ಬೇರೆಯಾಗಿ ಕರಗಿಸಿ ಸೇರಿಸಿದೆ. ಕೊನೆಗೆ ಬೇಡದ ಫಿಲ್ಮಿನ ಚೂರೊಂದನ್ನು ಅದ್ದಿ, ಗಡಿಯಾರ ನೋಡುತ್ತ ನಿಂತೆ. ಒಂದು ನಿಮಿಷದೊಳಗೆ ಕಪ್ಪಾಯಿತು. ಅಷ್ಟರಮಟ್ಟಿಗೆ ಅದು ಜೀವಂತವಾಗಿತ್ತು.

ಆದರೆ ಎಷ್ಟು ಹೊತ್ತು ಇಡಬೇಕು? ಡೈರಿಯ ಅಳತೆ ಮೂವತ್ತು ವರ್ಷ ಹಿಂದಿನ ಫಿಲ್ಮಿನದು. ಇನ್ನೊಂದು ತುಂಡು ಕತ್ತರಿಸದೆ ದಾರಿಯಿರಲಿಲ್ಲ. ಈ ಸಲ ಆರು ಫ್ರೇಮು. ಕತ್ತಲೆಯಲ್ಲಿ ಕತ್ತರಿ ಹಿಡಿದು ನಿಂತಾಗ, ಕಾಕು ಒಮ್ಮೆ ಸೊಸೆಯ ಯಾವುದೋ ಮಾತಿಗೆ ನಕ್ಕಿದ್ದು ನೆನಪಾಯಿತು. ಅದು ಹತ್ತನೇ ಫ್ರೇಮೋ, ಇಪ್ಪತ್ತನೆಯದೋ? ಎಷ್ಟು ನೆನೆಸಿಕೊಂಡರೂ ತಿಳಿಯಲಿಲ್ಲ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಆಗಿದ್ದ ಆ ಕತ್ತಲೆಯಲ್ಲಿ ನಾನು ಕಣ್ಣು ಮುಚ್ಚಿ ಕತ್ತರಿಸಿದೆ.

ಡೈರಿಯಲ್ಲಿದ್ದಂತೆಯೇ ಹನ್ನೊಂದು ನಿಮಿಷ, ಪ್ರತಿ ನಿಮಿಷ ಅಲುಗಾಟ. ಮುಚ್ಚಳ ತೆರೆದಾಗ ಆರು ಚಿತ್ರಗಳಿದ್ದವು. ಸಂತೋಷದಿಂದ ಅಳು ಬಂದಂತಾಯಿತು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ನೆಗೆಟಿವಿನಲ್ಲಿ ಎಲ್ಲ ತಿರುವುಮುರುವು, ಕತ್ತಲೆಯ ಜಾಗ ತೆಳು, ಬೆಳಕಿನ ಜಾಗ ದಟ್ಟ. ಎಡಗೆನ್ನೆಯ ತೆಳು ಜಾಗದಲ್ಲಿ ಸೂಕ್ಷ್ಮ ಗೆರೆಗಳು ಮೂಡಿದ್ದವು. ಮಡಚಿಕೊಂಡ ಕಿವಿ, ಬಿಗಿದ ಚರ್ಮ, ಎಲ್ಲ ಇತ್ತು. ಮಾಸ್ತರರ ಪುಡಿ ತನ್ನ ಕೆಲಸ ಮಾಡಿತ್ತು. ಆದರೆ ಬಲಗೆನ್ನೆ, ಹಣೆ, ಬಿಳಿ ಸೀರೆಯ ಸೆರಗು ಇದ್ದಿಲಿನಷ್ಟು ಕಪ್ಪಾಗಿ ಹೆಪ್ಪುಗಟ್ಟಿದ್ದವು. ಪ್ರಿಂಟು ಹಾಕಿದರೆ ಅಲ್ಲಿ ಮುಖವಿರುವುದಿಲ್ಲ, ಬರೀ ಬಿಳಿ ಕಾಗದ. ಸುಟ್ಟ ಅರ್ಧ ಉಳಿದು, ಸುಡದ ಅರ್ಧವೇ ಅಳಿಸಿಹೋದಂತಾಗಿತ್ತು.

ಇನ್ನು ಉಳಿದದ್ದು ಇಪ್ಪತ್ತೆರಡು. ಮತ್ತೊಂದು ತುಂಡು ಕತ್ತರಿಸುವುದೋ, ಇಲ್ಲವೇ ಒಮ್ಮೆಲೇ ಹಾಕುವುದೋ? ಆ ದಿನ ಪೂರ್ತಿ ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಮನೆಯವರು ಆಫೀಸಿನಿಂದ ಬಂದು ಎರಡು ಸಲ ಕರೆದರೂ ಓಗೊಡಲಿಲ್ಲವಂತೆ. ಡೆವಲಪರಿಗೆ ಸಮಪಾಲು ನೀರು ಸೇರಿಸಿ ಸಪ್ಪೆ ಮಾಡಿ, ಅಲುಗಾಡಿಸದೆ ಬಿಟ್ಟರೆ ಒಂದು ಅನುಕೂಲವಿದೆ. ಬೆಳಕಿನ ಜಾಗದಲ್ಲಿ ಕೆಲಸ ಹೆಚ್ಚು, ಅಲ್ಲಿಯ ದ್ರವ ಬೇಗ ಸುಸ್ತಾಗಿ ನಿಂತುಬಿಡುತ್ತದೆ. ನೆರಳಿನ ಜಾಗದಲ್ಲಿ ಕೆಲಸ ಕಡಿಮೆ, ಅಲ್ಲಿ ಅದು ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಹಾಗೆ ಒಂದು ಕಡೆ ತಡೆದು, ಇನ್ನೊಂದು ಕಡೆ ಬೆಳೆಸಬಹುದು. ಅಪಾಯವೂ ಇದೆ. ತೀರಾ ಅಲುಗಾಡಿಸದಿದ್ದರೆ ಫಿಲ್ಮಿನ ಅಂಚಿನ ತೂತುಗಳಿಂದ ಉದ್ದಕ್ಕೆ ಪಟ್ಟೆ ಇಳಿಯುತ್ತವೆ. ಅವು ಮುಖದ ಮೇಲೆ ಬಿದ್ದರೆ ಇಡೀ ರೋಲು ಹೋದಂತೆ.

ಮಾಸ್ತರರಿಗೆ ಫೋನ್ ಮಾಡಿದೆ. "ಮೂರ ನಿಮಿಷಕ್ಕೊಮ್ಮೆ ಅಲಗಾಡಸು," ಎಂದರು. "ಇಪ್ಪತ್ತ ನಿಮಿಷ ಇಡು. ಇಪ್ಪತ್ತೆರಡಾದ್ರೂ ಅಡ್ಡಿ ಇಲ್ಲ."

"ಖಾತ್ರಿ ಏನ್ರಿ ಮಾಸ್ತರ?"

"ಖಾತ್ರಿ ಇದ್ರ ನಾ ಇಪ್ಪತ್ತು, ಇಪ್ಪತ್ತೆರಡು ಅಂತ ಎರಡ ಅಂಕಿ ಯಾಕ ಹೇಳ್ತಿದ್ದೆ? ಇನ್ನ ಕತ್ತರಿ ಮುಟ್ಟಬ್ಯಾಡ. ಕತ್ತರಿಸ್ಕೋತ ಹೋದ್ರ ಕಡೀಗೆ ಉತ್ತರ ಸಿಗ್ತದ, ಫಿಲ್ಮ್ ಇರಂಗಿಲ್ಲ."

ಆ ಮಾತಿನ ಮೇಲೆ ನಿರ್ಧಾರ ಮಾಡಿದೆ. ಒಮ್ಮೆಲೇ.

ಗುರುವಾರ ಬೆಳಿಗ್ಗೆ ಆರಕ್ಕೆ, ನಲ್ಲಿಯ ನೀರು ಸ್ವಲ್ಪವಾದರೂ ತಣ್ಣಗಿರುವ ಹೊತ್ತಿಗೆ ಶುರು ಮಾಡಿದೆ. ಕತ್ತಲೆಯಲ್ಲಿ ಫಿಲ್ಮನ್ನು ರೀಲಿಗೆ ಸುತ್ತುವಾಗ ಬೆರಳು ಬೆವರಿ ಎರಡು ಸಲ ಸಿಕ್ಕಿಕೊಂಡಿತು. ಬೆವರಿನ ಕೈಯಿಂದ ಒತ್ತಾಯ ಮಾಡಿದರೆ ಫಿಲ್ಮು ಮಡಚಿ ಗುರುತು ಬೀಳುತ್ತದೆ. ಬಿಟ್ಟು, ಕೈ ಒರೆಸಿ, ನೂರು ಎಣಿಸಿ, ಮತ್ತೆ ಸುತ್ತಿದೆ. ಮೂರನೇ ಸಲಕ್ಕೆ ಸರಾಗವಾಗಿ ಹೋಯಿತು.

ಸಮಪಾಲು ನೀರು ಬೆರೆಸಿದ ದ್ರವ ಸುರಿದೆ. ಮೊದಲ ಅರ್ಧ ನಿಮಿಷ ಮೆಲ್ಲಗೆ ತಲೆಕೆಳಗು ಮಾಡಿ ಬಕೆಟ್ಟಿನಲ್ಲಿಟ್ಟೆ. ಮೂರನೇ ನಿಮಿಷ ಎರಡು ಸಲ. ಆರನೇ ನಿಮಿಷ ಎರಡು ಸಲ. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಕೈ ತಾನಾಗಿ ಟ್ಯಾಂಕಿನ ಕಡೆ ಹೋಗುತ್ತಿತ್ತು, ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಹನ್ನೊಂದನೇ ನಿಮಿಷದಲ್ಲಿ ಥರ್ಮಾಮೀಟರ್ ಇಪ್ಪತ್ತೆರಡು ಡಿಗ್ರಿ ತೋರಿಸಿತು. ಮಂಜುಗಡ್ಡೆ ಕರಗಿತ್ತು. ಫ್ರಿಜ್ಜಿಗೆ ಓಡಿ ತಂದು ಹಾಕಿ ಕಲಕಿ, ಮತ್ತೆ ಇಪ್ಪತ್ತಕ್ಕೆ ಇಳಿಸುವ ಗಡಿಬಿಡಿಯಲ್ಲಿ ಹನ್ನೆರಡನೇ ನಿಮಿಷದ ಅಲುಗಾಟ ಮಾಡಿದೆನೋ ಇಲ್ಲವೋ ಮರೆತೇಹೋಯಿತು. ಕಾಗದದ ಮೇಲೆ ಗೀಟು ಎಳೆದಿರಲಿಲ್ಲ. ಮಾಡಿದ್ದರೆ ಇನ್ನೊಮ್ಮೆ ಮಾಡಿದಂತಾಗುತ್ತದೆ, ಮಾಡಿರದಿದ್ದರೆ ಪಟ್ಟೆ. ಒಂದೇ ಒಂದು ಸಲ, ಬಹಳ ಮೆಲ್ಲಗೆ ತಿರುಗಿಸಿ ಇಟ್ಟೆ. ಮಂಜುಗಡ್ಡೆ ಇಲ್ಲದೆ ಬಿಸಿಯಾಗಿದ್ದ ಹೊತ್ತನ್ನು ಲೆಕ್ಕ ಹಿಡಿದು ಇಪ್ಪತ್ತು ನಿಮಿಷಕ್ಕೇ ನಿಲ್ಲಿಸಿದೆ.

ಹೈಪೋದಲ್ಲಿ ಐದು ನಿಮಿಷ. ಮುಚ್ಚಳ ತೆಗೆಯುವಾಗ ನೇರ ನೋಡುವ ಧೈರ್ಯವಾಗದೆ ಮೊದಲು ಅಂಚನ್ನಷ್ಟೇ ನೋಡಿದೆ. ಅಂಕಿಗಳಿದ್ದವು. ಹದಿನೈದು, ಹದಿನಾರು, ಹದಿನೇಳು. ರೀಲಿನಿಂದ ಬಿಚ್ಚಿ ಕಿಟಕಿಯ ಕಡೆ ಎತ್ತಿ ಹಿಡಿದೆ. ಪಟ್ಟೆ ಇರಲಿಲ್ಲ. ಸೆರಗಿನ ನಿರಿಗೆಗಳು ಒಂದೊಂದೂ ಬೇರೆ ಬೇರೆ ಕಾಣುತ್ತಿದ್ದವು. ಎಡಗಡೆ ತೆಳ್ಳಗೆ, ತೀರಾ ತೆಳ್ಳಗೆ, ಆದರೆ ಇತ್ತು.

ಕಾಳು ದಪ್ಪವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಈ ಇಪ್ಪತ್ತೆರಡರಲ್ಲೂ ಎಂಟು ಫ್ರೇಮು, ತೆಗೆಯುವಾಗ ನನ್ನ ಕೈ ಅಲುಗಿ ಹಾಳಾಗಿದ್ದವು. ಮಧ್ಯಾಹ್ನ ಪ್ರಿಂಟು ಹಾಕಲು ಕೂತಾಗ, ಕೆಂಪು ದೀಪದ ಕೆಳಗೆ ತಟ್ಟೆಯಲ್ಲಿನ ಬಿಳಿ ಕಾಗದದ ಮೇಲೆ ಮೊದಲು ಕೂದಲು, ಹುಬ್ಬು, ಬಲಗಣ್ಣು ಮೂಡಿದವು. ಆಮೇಲೆ ನಿಧಾನವಾಗಿ ಇನ್ನೊಂದು ಬದಿ. ಮುಚ್ಚದ ಕಣ್ಣು, ಅದರ ಕೆಳಗೆ ಇಳಿದ ನೀರಿನ ಗೆರೆ, ಮೇಣದಂತೆ ಬಿಗಿದ ಕೆನ್ನೆ. ಎರಡನ್ನೂ ಒಂದೇ ಸಲ ನೋಡಿದ್ದು ನನಗೂ ಅದೇ ಮೊದಲು. ಎದುರಿಗೆ ಕೂತಿದ್ದಾಗ, ಕ್ಯಾಮೆರಾ ಹಿಡಿದೂ ನಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಣ್ಣು ಜಾರಿಸುತ್ತಲೇ ಇದ್ದೆ.

ಸಂಜೆ ಐದೂವರೆಗೆ ಮೂರು ಪ್ರಿಂಟುಗಳನ್ನೂ ನೆಗೆಟಿವುಗಳನ್ನೂ ರಟ್ಟಿನ ಲಕೋಟೆಯಲ್ಲಿಟ್ಟು ಖಡಕಿಗೆ ಒಯ್ದೆ. ನಾಳೆಯ ಆಸ್ಪತ್ರೆಗೆ ಬಟ್ಟೆಬರೆ ಜೋಡಿಸಿಟ್ಟಿದ್ದರು. ಕಾಕು ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದರು. ಸೊಸೆ ಚಿತ್ರಗಳನ್ನು ಒಂದೊಂದಾಗಿ ಅವರ ಮುಂದೆ ಹಿಡಿದರು. ನಾನು ಅವರ ಮುಖ ನೋಡಲಾಗದೆ ನೆಲ ನೋಡುತ್ತಿದ್ದೆ.

ನಾನು ಆರಿಸಿದ್ದು ಅವರು ನೇರ, ಗಂಭೀರವಾಗಿ ನೋಡುತ್ತಿದ್ದ ಚಿತ್ರ. ಅವರು ಅದನ್ನು ಪಕ್ಕಕ್ಕೆ ಸರಿಸಿದರು. "ಇದರಾಗ ಪರೀಕ್ಷಾಕ್ಕ ಕೂತಂಗ ಕೂತೀನಿ," ಎಂದು, ಸೊಸೆಗೆ ಏನೋ ಹೇಳುತ್ತ ಕೈ ಎತ್ತಿ ನಗುತ್ತಿದ್ದುದನ್ನು ಇಟ್ಟುಕೊಂಡರು. ನಕ್ಕಾಗ ತುಟಿಯ ಎಡತುದಿ ಮೇಲೇಳುವುದಿಲ್ಲ, ಬಿಗಿದ ಚರ್ಮ ಅದನ್ನು ಕೆಳಗೆ ಹಿಡಿದಿರುತ್ತದೆ. ಅದೂ ಬಂದಿತ್ತು. ಎತ್ತಿದ ಕೈ ಸ್ವಲ್ಪ ಅಲುಗಿ ಮಸುಕಾಗಿತ್ತು. ಅದನ್ನು ಹೇಳಿದೆ. "ನನ್ನ ಕೈ ಯಾವಾಗ ಸುಮ್ಮ ಇದ್ದದ್ದು?" ಎಂದರು.

ಅಷ್ಟರಲ್ಲಿ ಮಗ ಕೆಲಸ ಮುಗಿಸಿ ಬಂದರು. ಕೈಕಾಲು ತೊಳೆದು, ಯಾರೂ ಕರೆಯದೆಯೇ ಬಂದು ತಾಯಿಯ ಕೈಯಿಂದ ಚಿತ್ರ ತೆಗೆದುಕೊಂಡರು. ಮೊದಲು ನಿಂತೇ ನೋಡಿದರು. ಆಮೇಲೆ ಮಂಚದ ಅಂಚಿಗೆ ಕೂತರು. ಇಷ್ಟು ವರ್ಷ ಆ ಮುಖದ ಎದುರಿಗೇ ಬೆಳೆದವರು, ಮೊದಲ ಸಲ ನೋಡುವವರಂತೆ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಬೆರಳನ್ನು ಕಾಗದಕ್ಕೆ ತಾಗಿಸದೆ, ಕಿವಿಯಿಂದ ಗದ್ದದವರೆಗೆ ಗಾಳಿಯಲ್ಲೇ ಎಳೆದರು.

"ಅವ್ವಾ," ಎಂದರು, ತಲೆ ಎತ್ತದೆ. "ಇಲ್ಲಿ ಈಗೂ ನೋವು ಆಗ್ತದೇನು?"

ಕಾಕು ಮಗನ ಕಡೆ ತಿರುಗಿದರು.

"ಥಂಡ್ಯಾಗ ಆಗ್ತದಪಾ," ಎಂದರು. "ಥಂಡ್ಯಾಗ ಭಾಳ ಆಗ್ತದ."